ಟವಲ್ಲಿನ ಕೆಳಗಿನ ಬೆರಳು

ಮುನಿಗಂಗಪ್ಪನವರ ಹೆಗಲ ಮೇಲೆ ಯಾವಾಗಲೂ ಒಂದು ಟವಲ್ಲು ಇರುತ್ತಿತ್ತು. ಕೆಂಪು ಅಂಚು, ಮಿಕ್ಕಿದ್ದೆಲ್ಲ ಮಾಸಿದ ಬಿಳಿ. ಅವರು ಅದರಲ್ಲಿ ಬೆವರು ಒರೆಸಿದ್ದನ್ನು ನಾನು ನೋಡಿಲ್ಲ. ಊಟವಾದ ಮೇಲೆ ಕೈ ಒರೆಸಿದ್ದೂ ಇಲ್ಲ. ಆ ಟವಲ್ಲಿಗೆ ಇದ್ದದ್ದು ಒಂದೇ ಕೆಲಸ. ಮದುವೆಯವರು ಬಂದರೆ ಅದನ್ನು ಇಬ್ಬರ ಕೈ ಮೇಲೂ ಹೊದಿಸಿ, ಅದರ ಕೆಳಗೆ ಬ್ಯಾಂಡಿನ ರೇಟು ಕುದುರಿಸುವುದು. ಬಾಯಲ್ಲಿ ಅಲ್ಲ, ಬೆರಳಲ್ಲಿ.

ನಮ್ಮದು ಶಿಡ್ಲಘಟ್ಟದ ಬ್ಯಾಂಡ್‌ಸೆಟ್ಟು. ಆರು ಜನ. ಮುನಿಗಂಗಪ್ಪನವರು ಮಾಸ್ಟರು, ಕ್ಲಾರಿನೆಟ್ ಅವರದು. ದೊಡ್ಡ ಡ್ರಮ್ಮು ಎರ್ರಪ್ಪನದು. ನಾನು ಸಣ್ಣ ಡ್ರಮ್ಮು. ಮಿಕ್ಕ ಮೂವರು ಟ್ರಂಪೆಟ್ಟು, ಇನ್ನೊಂದು ಸಣ್ಣ ಡ್ರಮ್ಮು, ತಾಳ. ಹೊಸ ಪೈಸೆ ಬಂದ ಕಾಲ ಅದು. ಆಣೆಯಲ್ಲಿ ಎಣಿಸಿ ಕಲಿತವರಿಗೆ ಪೈಸೆ ಕಂಡರೆ ಅನುಮಾನ. ಎರ್ರಪ್ಪನಿಗಂತೂ ಆಣೆ ಕಂಡರೂ ಅನುಮಾನವೇ ಇತ್ತು.

ಬ್ಯಾಂಡು ಕಟ್ಟುವ ಮುಂಚೆ ಮುನಿಗಂಗಪ್ಪನವರು ಚಿಂತಾಮಣಿ ಕಡೆ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದರು. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅವರು ದನ ಬಿಟ್ಟು ಕ್ಲಾರಿನೆಟ್ ಹಿಡಿದರು. ಬೆಂಗಳೂರಿನಲ್ಲಿ ಮಿಲಿಟರಿ ಬ್ಯಾಂಡು ಬಿಟ್ಟು ಬಂದವನೊಬ್ಬನ ಹತ್ತಿರ ವಾದ್ಯ ಕೊಂಡು, ಅವನ ಹತ್ತಿರವೇ ಕಲಿತು ಬಂದರು. ದನ ಬಿಟ್ಟರೂ ಟವಲ್ಲು ಬಿಡಲಿಲ್ಲ. ಬ್ಯಾಂಡಿನ ರೇಟಿಗೂ ಅದೇ ಲೆಕ್ಕ ತಂದರು. ಪೂರ್ತಿ ಬೆರಳು ಹಿಡಿದರೆ ಹತ್ತು ರೂಪಾಯಿ. ಗೆಣ್ಣು ಒತ್ತಿದರೆ ಐದು. ಉಗುರು ಮುಟ್ಟಿದರೆ ಒಂದು. ಬರುವವರೆಲ್ಲ ಎತ್ತು ಕಟ್ಟಿದ ಜನವೇ ಆದ್ದರಿಂದ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ವಿಚಿತ್ರ ಅನ್ನಿಸಿದ್ದು ನಮಗೆ. ಅವರ ಮನೆ ಜಗಲಿಯ ಮೇಲೆ ವ್ಯಾಪಾರ ನಡೆಯುತ್ತಿತ್ತು. ನಾವು ಕೆಳಗೆ ನಿಂತು ಟವಲ್ಲು ನೋಡುತ್ತಿದ್ದೆವು. ಟವಲ್ಲು ಒಂದು ಸಲ ಅಲುಗಾಡುತ್ತಿತ್ತು. ಗಿರಾಕಿ ತಲೆ ಆಡಿಸುತ್ತಿದ್ದ. ಇನ್ನೊಂದು ಸಲ ಅಲುಗಾಡುತ್ತಿತ್ತು. ಆಮೇಲೆ ತಾಂಬೂಲದ ಮೇಲೆ ಸಂಚಕಾರದ, ಅಂದರೆ ಮುಂಗಡದ, ಒಂದು ರೂಪಾಯಿ ಬೀಳುತ್ತಿತ್ತು. ಗಿರಾಕಿ ಹೋದ ಮೇಲೆ ಎರ್ರಪ್ಪ ಕೇಳುತ್ತಿದ್ದ.

"ಎಷ್ಟಕ್ಕಾಯ್ತು ಮಾಸ್ಟ್ರೇ?"

"ನಲವತ್ತೈದು."

"ಅಷ್ಟೇನಾ?"

"ಅಷ್ಟೇ ಕಣೋ. ನಿಮ್ಮ ಮಾವನ ಮನೆ ಮದ್ವೆ ಅಂದ್ಕಂಡ್ಯಾ, ನೂರು ಕೊಡಕ್ಕೆ?"

ಮದುವೆ ಮುಗಿಸಿ ಬಂದ ಮೇಲೆ ದುಡ್ಡನ್ನು ಮಾಸ್ಟರು ಹಂಚುತ್ತಿರಲಿಲ್ಲ. ಅವರ ಹೆಂಡತಿ ಗಂಗುಲಮ್ಮ ಹಂಚುತ್ತಿದ್ದರು. ಮೊರದ ಮೇಲೆ ಏಳು ಗುಡ್ಡೆ ಹಾಕುತ್ತಿದ್ದರು. ಆರು ಗುಡ್ಡೆ ಆರು ಜನರಿಗೆ, ಏಳನೆಯದು ವಾದ್ಯಗಳ ರಿಪೇರಿಗೆ, ಡ್ರಮ್ಮಿನ ಚರ್ಮಕ್ಕೆ, ಕೋಟಿನ ಒಗೆತಕ್ಕೆ. ಹಬ್ಬದಲ್ಲಿ ಬಾಡು ಗುಡ್ಡೆ ಹಾಕಿ ಹಂಚುವ ಹಾಗೆಯೇ ನಮ್ಮಲ್ಲಿ ಒಬ್ಬ ಬೆನ್ನು ತಿರುಗಿಸಿ ಕೂರಬೇಕು. ಗಂಗುಲಮ್ಮ ಒಂದು ಗುಡ್ಡೆ ಮುಟ್ಟಿ "ಇದ್ಯಾರಿಗೆ?" ಅನ್ನುತ್ತಾರೆ. ಬೆನ್ನು ತಿರುಗಿಸಿದವನು ಒಂದು ಹೆಸರು ಹೇಳುತ್ತಾನೆ. ಹೆಚ್ಚು ಕಮ್ಮಿ ಅನ್ನುವ ಮಾತಿಗೆ ಜಾಗವೇ ಇಲ್ಲ.

ಮೊರದ ಮೇಲೆ ಮೋಸ ಇರಲಿಲ್ಲ. ಅದನ್ನು ಎರ್ರಪ್ಪನೂ ಒಪ್ಪುತ್ತಿದ್ದ. "ಮೊರಕ್ಕೆ ಬಂದಿದ್ದು ಸರಿಯಾಗೇ ಹಂಚ್ತಾರಪ್ಪ. ಮೊರಕ್ಕೆ ಬರೋಕ್ ಮುಂಚೆ ಎಷ್ಟಿತ್ತು, ಅದು ಹೇಳು" ಅನ್ನುತ್ತಿದ್ದ.

ಹಾಗೆ ಒಂದು ಸಲ ಕೇಳಿದ ಮಾತು ಕಿವಿಯಿಂದ ಹೋಗುವುದಿಲ್ಲ. ಆಮೇಲೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಮಾಸ್ಟರು ಒಂದು ಹಳೆ ಸೈಕಲ್ಲು ತಂದರು. ಎಲ್ಲಿಂದ ಬಂತು ದುಡ್ಡು? ಗಂಗುಲಮ್ಮನ ಕಿವಿಯಲ್ಲಿ ಹೊಸ ಓಲೆ ಬಂತು. ತವರಿಂದ ಕೊಟ್ಟಿದ್ದು ಅಂದರು. ಯಾವ ತವರು, ಅಲ್ಲಿ ಯಾರಿದ್ದಾರೆ ಎಂದು ಎರ್ರಪ್ಪ ಲೆಕ್ಕ ಹಾಕಿದ. ನಾನು ಬಾಯಿ ಬಿಡಲಿಲ್ಲ. ಆದರೆ ನಾನೂ ಆ ಓಲೆಯನ್ನು ಎರಡು ಸಲ ನೋಡಿದೆ.

ಜಂಗಮಕೋಟೆಯ ಮದುವೆಯಲ್ಲಿ ಅದು ಇನ್ನೂ ಬಲವಾಯಿತು. ಹುಡುಗನ ಸೋದರಮಾವ ಕುಡಿದಿದ್ದ. ಮೆರವಣಿಗೆ ನಿಲ್ಲಿಸಿ ಎರ್ರಪ್ಪನ ಡ್ರಮ್ಮಿನ ಮೇಲೆ ಕೈಯಿಟ್ಟ.

"ಗಟ್ಟಿಯಾಗಿ ಹೊಡೀಯೋ! ಅರವತ್ತು ರೂಪಾಯಿ ಕೊಟ್ಟಿದೀವಿ, ಕೂಲಿಗೆ ಬಂದಂಗೆ ಹೊಡೀತೀಯಲ್ಲ!"

ಮಾಸ್ಟರು ನಮಗೆ ಹೇಳಿದ್ದು ಐವತ್ತು. ಎರ್ರಪ್ಪ ಡ್ರಮ್ಮಿನ ಮೇಲಿನಿಂದ ನನ್ನನ್ನು ನೋಡಿದ. ನಾನು ಕ್ಲಾರಿನೆಟ್ ನೋಡಿದೆ. ಅದು ನಿಲ್ಲದೆ ನುಡಿಯುತ್ತಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಎರ್ರಪ್ಪ ಕೇಳಿಯೇ ಬಿಟ್ಟ. "ಅರವತ್ತಂತಲ್ಲ ಮಾಸ್ಟ್ರೇ?"

"ಯಾರಂದ್ರು?"

"ಹುಡುಗನ ಮಾವ."

"ಅವ್ನು ಹುಡುಗಿಗೆ ಇಪ್ಪತ್ತು ತೊಲ ಬಂಗಾರ ಹಾಕಿದೀವಿ ಅಂತಾನೂ ಅಂದ. ನೀನ್ ನೋಡ್ದಾ ಇಪ್ಪತ್ತು ತೊಲ?"

ಮದುವೆ ಮನೆಯವರು ಖರ್ಚನ್ನು ಏರಿಸಿ ಹೇಳುತ್ತಾರೆ, ನಿಜ. ಆದರೆ ದಲ್ಲಾಳಿಗಳು ಇಳಿಸಿ ಹೇಳುತ್ತಾರೆ, ಅದೂ ನಿಜ. ಯಾವುದನ್ನು ನಂಬುವುದು?

ನನಗೆ ಅದು ತಿಳಿಯಲೇಬೇಕಾಗಿತ್ತು. ಚಿಂತಾಮಣಿಯಲ್ಲಿ ಇನ್ನೊಂದು ಬ್ಯಾಂಡಿತ್ತು. ಅದರ ಯಜಮಾನ ನನ್ನ ಕೈ ನೋಡಿ ಕರೆ ಕಳಿಸಿದ್ದ. ಮದುವೆಗೆ ಏಳು ರೂಪಾಯಿ, ಬಾಯಿಬಿಟ್ಟು ಹೇಳಿದ ಮಾತು, ಶಿವರಾತ್ರಿಯೊಳಗೆ ಬಾ ಎಂದು. ಇಲ್ಲಿ ನನ್ನ ಗುಡ್ಡೆಗೆ ಆರು, ಆರೂವರೆ ಬೀಳುತ್ತಿತ್ತು. ಅರ್ಧ ರೂಪಾಯಿಗೆ ನಾನು ಹೋಗುವವನಲ್ಲ. ಡ್ರಮ್ಮಿನ ಕಡ್ಡಿ ಹಿಡಿಯುವುದನ್ನೇ ನನಗೆ ಕಲಿಸಿದ್ದು ಮುನಿಗಂಗಪ್ಪನವರು. ಅವರು ಸರಿಯಾಗಿದ್ದು ನಾನು ಬಿಟ್ಟು ಹೋದರೆ ಅದು ತಪ್ಪು. ಅವರು ನನ್ನ ಬೆವರು ತಿನ್ನುತ್ತಿದ್ದು ನಾನು ಉಳಿದರೆ ಅದೂ ತಪ್ಪು. ನಮ್ಮ ತಾಯಿ ಕದಿರಮ್ಮ ಹೇಳಿದರು. "ಅನ್ಮಾನ ಇಟ್ಕಂಡು ಒಬ್ಬರ ಹಿಂದೆ ಹೋಗ್ಬೇಡ ಕಣಪ್ಪ. ಇಲ್ಲ ತಿಳ್ಕೋ, ಇಲ್ಲ ಬಿಟ್ಬಿಡು."

ತಿಳಿದುಕೊಳ್ಳುವ ದಾರಿ ಹುಡುಕಿದ್ದು ಎರ್ರಪ್ಪ. ಅದು ಪುಷ್ಯ ಮಾಸ. ಮದುವೆ ಇರಲಿಲ್ಲ, ಆದರೆ ಮಾಘಕ್ಕೆ ಬ್ಯಾಂಡು ಗೊತ್ತುಮಾಡುವವರು ಬರುತ್ತಿದ್ದರು.

"ದಿಬ್ಬೂರಹಳ್ಳೀಲಿ ನಮ್ ಬಾವ ವೆಂಕಟರಾಮಪ್ಪ ಇದಾನೆ. ಮಾಸ್ಟ್ರು ಅವನ ಮುಖ ನೋಡಿಲ್ಲ. ಹೆಣ್ಣಿನ ತಂದೆ ಅಂತ ಕಳಿಸ್ತೀನಿ. ಟವಲ್ ಕೆಳಗೆ ಎಷ್ಟಾಯ್ತೋ ಬಂದು ನಮ್ಗೆ ಹೇಳ್ತಾನೆ. ಮಾಸ್ಟ್ರು ಎಷ್ಟು ಹೇಳ್ತಾರೋ ನೋಡಣ."

"ಸಿಕ್ಕಾಕ್ಕಂಡ್ರೆ?" ಅಂದೆ.

"ಯಾರು? ಅವ್ರಾ, ನಾವಾ?"

ವೆಂಕಟರಾಮಪ್ಪ ಬಂದ. ಒಳ್ಳೆ ಪಂಚೆ ಉಟ್ಟು, ಹಣೆಗೆ ಇಟ್ಟುಕೊಂಡು, ಹೆಣ್ಣಿನ ತಂದೆಯ ಹಾಗೆಯೇ ಬಂದ. ಮದುವೆ ಯಾವ ಊರು, ಯಾವ ದಿನ, ಗಂಡಿನ ಕಡೆಯವರು ಎಲ್ಲಿಯವರು, ಎಲ್ಲ ಸರಾಗವಾಗಿ ಹೇಳಿದ. ಗಂಗುಲಮ್ಮ ಮಜ್ಜಿಗೆ ಕೊಟ್ಟರು. ಮಾಸ್ಟರು ಟವಲ್ಲು ಹೊದಿಸಿದರು. ಒಂದು ಸಲ ಅಲುಗಾಡಿತು. ಇನ್ನೊಂದು ಸಲ. ಅಷ್ಟೇ. ವೆಂಕಟರಾಮಪ್ಪ ಸಂಚಕಾರದ ರೂಪಾಯಿ ಇಟ್ಟು ಎದ್ದ. ನಾವು ಬೀಡಿ ತರುವ ನೆಪದಲ್ಲಿ ಹಿಂದೆ ಹೋದೆವು. ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಅವನು ಹೇಳಿದ.

"ಐವತ್ತೈದು. ನಾ ಒಟ್ಟು, ನನ್ನಾಣೆ."

ನಾವು ಜಗಲಿಗೆ ವಾಪಸ್ಸು ಬಂದೆವು. ಎರ್ರಪ್ಪನ ಮುಖದಲ್ಲಿ ಆಗಲೇ ಗೆದ್ದ ಕಳೆ ಇತ್ತು.

"ಎಷ್ಟಕ್ಕಾಯ್ತು ಮಾಸ್ಟ್ರೇ?"

ಮುನಿಗಂಗಪ್ಪನವರು ಟವಲ್ಲನ್ನು ಮಡಿಸುತ್ತಿದ್ದರು. ಪೂರ್ತಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡರು.

"ಐವತ್ತೈದು."

ನನ್ನ ಎದೆ ಹಗುರಾಯಿತು. ಎರ್ರಪ್ಪನ ಮುಖ ಇಳಿಯಿತು. ಆಗ ಮಾಸ್ಟರು ತಾಂಬೂಲದ ಮೇಲಿದ್ದ ರೂಪಾಯಿ ತೆಗೆದು ಎರ್ರಪ್ಪನ ಕೈಯಲ್ಲಿಟ್ಟರು.

"ತಗೋ. ನಿನ್ ಕಡೆಯೋನಿಗೆ ವಾಪಸ್ ಕೊಡು. ನೆಂಟನೋ, ಸ್ನೇಹಿತನೋ?"

ಎರ್ರಪ್ಪ ರೂಪಾಯಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ನಾನು ಎಷ್ಟು ಕೈ ಹಿಡಿದಿದೀನಿ ಅಂತ ಗೊತ್ತೇನೋ ನಿಂಗೆ? ಹೆಣ್ಣು ಹೆತ್ತೋನು ಕೊನೇ ಐದು ರೂಪಾಯಿಗೆ ಬೆರಳು ಮುರಿಯೋ ಹಂಗೆ ಹಿಡೀತಾನೆ. ಬೆವತೋಗಿರ್ತದೆ ಕೈ. ಇವ್ನು ಬೆಣ್ಣೆ ಬಿಟ್ಟಂಗೆ ಬಿಟ್ಬಿಟ್ಟ. ಕೊಡೋನಲ್ಲ ಅವ್ನು."

ಗಂಗುಲಮ್ಮ ಮಜ್ಜಿಗೆಯ ಲೋಟ ತೆಗೆದುಕೊಳ್ಳಲು ಬಂದವರು ಎಲ್ಲ ಕೇಳಿಸಿಕೊಂಡರು. "ಸುಮ್ನೆ ಒಂದ್ ಲೋಟ ಮಜ್ಜಿಗೆ ಹೋಯ್ತು" ಅಂದು ಒಳಗೆ ಹೋದರು.

ಇಷ್ಟಾದ ಮೇಲೆ ನನ್ನ ಅನುಮಾನ ಹೋಗಬೇಕಾಗಿತ್ತು. ಹೋಗಲಿಲ್ಲ. ದಾರಿಯಲ್ಲಿ ಎರ್ರಪ್ಪ ಹೇಳಿದ ಮಾತು ಅದನ್ನು ಉಳಿಸಿತು. "ಗೊತ್ತಾಗಿದ್ದಕ್ಕೇ ಕಣೋ ನಿಜ ಹೇಳಿದ್ದು. ಗೊತ್ತಾಗ್ದೇ ಇದ್ದಿದ್ರೆ ಎಷ್ಟು ಹೇಳ್ತಿದ್ರೋ!" ಪರೀಕ್ಷೆ ಮಾಡಿದ್ದೇ ತಿಳಿದುಹೋದರೆ ಅದು ಪರೀಕ್ಷೆಯಲ್ಲ.

ಮಾರನೆಯ ದಿನದಿಂದ ಟವಲ್ಲು ಅವರ ಹೆಗಲ ಮೇಲೆ ಇರಲಿಲ್ಲ. ಗೌರಿಬಿದನೂರು ಕಡೆಯಿಂದ ಒಂದು ಮದುವೆಯವರು ಬಂದರು. ಆರೇಳು ಜನ ಒಟ್ಟಿಗೆ ಬಂದಿದ್ದರು. ಮಾಸ್ಟರು ಬರಿಗೈಯಲ್ಲಿ ಕೂತು, ನಮ್ಮೆಲ್ಲರನ್ನೂ ಜಗಲಿಯ ಮೇಲೆಯೇ ಕೂರಿಸಿಕೊಂಡರು.

"ಐವತ್ತು" ಅಂದರು, ಗಟ್ಟಿಯಾಗಿ.

"ಐವತ್ತಾ? ದೇವುಡಾ!" ಅಂದ ಹುಡುಗಿಯ ಚಿಕ್ಕಪ್ಪ. "ನಮ್ಮೂರ ವಾಲಗದೋರು ಇಪ್ಪತ್ತೈದಕ್ಕೆ ಬರ್ತಾರೆ."

"ವಾಲಗ ಬೇರೆ, ಬ್ಯಾಂಡು ಬೇರೆ."

"ಊದೋದು ಊದೋದೇ ಅಲ್ವಾ?" ಇನ್ನೊಬ್ಬ. "ಆರು ಜನ ಯಾಕೆ? ಈ ತಾಳದೋನು ಬಿಟ್ಟು ಬನ್ನಿ, ಅವನದು ಕಳೀರಿ." ತಾಳದವನು ಅಲ್ಲೇ ಕೂತಿದ್ದ.

ಹೆಣ್ಣಿನ ತಂದೆ ನಲವತ್ತೈದಕ್ಕೆ ಮನಸ್ಸು ಮಾಡಿದ ಹಾಗೆ ಕಂಡಿತು. ಆದರೆ ಅಷ್ಟು ಜನರ ಎದುರಿಗೆ ಹೂಂ ಅಂದರೆ ಅವನಿಗೆ ವ್ಯಾಪಾರ ಗೊತ್ತಿಲ್ಲ ಅನ್ನಿಸಿಕೊಳ್ಳುತ್ತಾನೆ. ಒಬ್ಬೊಬ್ಬರೂ ತಮ್ಮ ಪಾಲಿಗೆ ಎರಡೆರಡು ರೂಪಾಯಿ ಇಳಿಸಿ ಜಂಬ ಪಟ್ಟರು. ಕೊನೆಗೆ ಮೂವತ್ತಕ್ಕೆ ನಿಂತಿತು. ಬಸ್ಸಿನ ಚಾರ್ಜು ನಮ್ಮದೇ. ಆ ಮದುವೆಯಲ್ಲಿ ಬಿಸಿಲಿನಲ್ಲಿ ಊರೆಲ್ಲ ಸುತ್ತಿಸಿದರು. ಮೊರದ ಮೇಲೆ ಗುಡ್ಡೆಗೆ ನಾಲ್ಕು ರೂಪಾಯಿಯೂ ಬೀಳಲಿಲ್ಲ. ಈ ಸಲ ಪ್ರತಿಯೊಂದು ಕಾಸೂ ನಮ್ಮ ಕಣ್ಣೆದುರಿಗೇ ಬಂದಿತ್ತು. ನೋಡಿ ಏನು ಮಾಡುವುದು?

ಆ ರೇಟು ಊರೂರಿಗೂ ಹಬ್ಬಿತು. ಮುಂದೆ ಬಂದವರು ಮೂವತ್ತರಿಂದಲೇ ಶುರು ಮಾಡಿದರು. ತಾಳದವನು ಎರ್ರಪ್ಪನ ಮೇಲೆ ಕೂಗಾಡಿದ. ಕೊನೆಗೆ ಎರ್ರಪ್ಪನೇ ಹೋಗಿ ಜಗಲಿಯ ಕೆಳಗೆ ನಿಂತ.

"ಆ ಟವಲ್ ಎಲ್ಲಿ ಮಾಸ್ಟ್ರೇ?"

"ಒಗೆಯಕ್ಕೆ ಹಾಕಿದೀನಿ."

"ಚಾಲು ಮಾಸ್ಟ್ರೇ, ಸಾಕು. ಹಾಕ್ಕಂಡ್ ಬನ್ನಿ."

"ಟವಲ್ ಹಾಕ್ತೀನಪ್ಪ. ಕೈ ನಂದಲ್ಲ. ನಿಮ್ಮಲ್ಲೇ ಒಬ್ರು ಇಕ್ಕಿ."

ಎರ್ರಪ್ಪ ತಕ್ಷಣ ಮುಂದೆ ಬಂದ. ಮಿಕ್ಕವರು ಒಟ್ಟಿಗೇ "ಬೇಡ ಬೇಡ" ಅಂದರು. ಮಾಸ್ಟರನ್ನು ಅನುಮಾನಿಸುವವರು ಇಬ್ಬರು ಮೂವರಿದ್ದರೆ, ಎರ್ರಪ್ಪನನ್ನು ಅನುಮಾನಿಸುವವರು ಎಲ್ಲರೂ ಇದ್ದರು. ಟ್ರಂಪೆಟ್ಟಿನವನಿಗೆ ತಾಳದವನ ಮೇಲೆ ನಂಬಿಕೆ ಇಲ್ಲ. ತಾಳದವನಿಗೆ ಟ್ರಂಪೆಟ್ಟಿನವನ ಮೇಲೆ ಇಲ್ಲ. ಹೀಗೆ ಸುತ್ತಿ ಸುತ್ತಿ ನನ್ನ ಹತ್ತಿರ ಬಂತು. "ಆವಲಪ್ಪ ಹಿಡೀಲಿ. ಇವನಿಗೆ ಮಾತೇ ಬರಲ್ಲ, ಸುಳ್ಳೇನು ಹೇಳ್ತಾನೆ" ಅಂದರು. ಮುನಿಗಂಗಪ್ಪನವರು ಜಗಲಿಯ ಮೇಲೆ ಕೂರಿಸಿಕೊಂಡು ಬೆರಳು, ಗೆಣ್ಣು, ಉಗುರು ಹೇಳಿಕೊಟ್ಟರು. ಅವರ ಕೈ ದನ ಹಿಡಿದ ಕೈಯಾದರೂ ಬಲು ಮೆತ್ತಗಿತ್ತು.

ನಾನು ಮೊದಲು ಹಿಡಿದ ಕೈ ಚಿಕ್ಕಬಳ್ಳಾಪುರದ ತರಕಾರಿ ಮಂಡಿಯ ಯಜಮಾನರೊಬ್ಬರದು. ಮಗಳ ಮದುವೆ. ಮಾಸ್ಟರು ದೂರ ಹೋಗಿ ನಿಂತು ಬೀದಿಯ ಕಡೆ ಮುಖ ಮಾಡಿದರು. ಎರ್ರಪ್ಪ ಜಗಲಿಯ ಕೆಳಗೆ ನಿಂತು ಟವಲ್ಲನ್ನೇ ನೋಡಿದ. ಟವಲ್ಲಿನ ಒಳಗಿನಿಂದ ನೋಡಿದರೆ ಅದು ಹೇಗಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ನಾನು ಐದು ಬೆರಳು, ಒಂದು ಗೆಣ್ಣು ಹಿಡಿದೆ. ಅವರು ನಾಲ್ಕು ಹಿಡಿದರು. ಅವರ ಕೈ ಬೆವತಿತ್ತು. ಮಾಸ್ಟರು ಹೇಳಿದ ಹಾಗೆಯೇ ಕೊನೆಯ ಐದಕ್ಕೆ ಬೆರಳು ಮುರಿಯುವ ಹಾಗೆ ಹಿಡಿದರು. ಅಣ್ಣತಮ್ಮಂದಿರು ಪಕ್ಕದಲ್ಲೇ ಇದ್ದರು, ಆದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಯಾರಿಗೂ ಕಾಣದ ಜಾಗದಲ್ಲಿ ಯಜಮಾನರು ಐದು ಬೆರಳಿಗೆ ಒಪ್ಪಿದರು. ಐವತ್ತು.

ನಾನು ಕೈ ಬಿಡಲು ಹೋದೆ. ಅವರು ಬಿಡಲಿಲ್ಲ. ನನ್ನ ಎರಡು ಉಗುರು ಮುಟ್ಟಿದರು. ಒಂದು, ಎರಡು.

ಅರ್ಥವಾಗದೆ ಅವರ ಮುಖ ನೋಡಿದೆ. ಅವರು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು.

"ಅದು ಕೈ ಹಿಡಿದೋರಿಗಪ್ಪ. ಎತ್ತಿನ ವ್ಯಾಪಾರದಾಗೆ ಕೊಡಲ್ವಾ ದಲ್ಲಾಳಿಗೆ, ಹಂಗೆ. ನಿಮ್ ಮಾಸ್ಟ್ರಿಗೂ ಹಿಂಗೇ ಕೊಡೋದು ಎಲ್ರೂ. ನಿನ್ ಜೇಬಿಗೆ ಹಾಕ್ಕೋ."

ಅಷ್ಟೇ. ಇಷ್ಟು ವರ್ಷ ಟವಲ್ಲಿನ ಕೆಳಗೆ ಇದ್ದದ್ದು ಅದು. ಮಾತಾಡಿದ ರೇಟಿನ ಮೇಲೆ ಎರಡು ರೂಪಾಯಿ.

"ಎಷ್ಟಕ್ಕಾಯ್ತೋ?" ಎರ್ರಪ್ಪ ಕೇಳಿದ. ಮಾಸ್ಟರನ್ನು ಕೇಳುತ್ತಿದ್ದ ಅದೇ ದನಿ.

"ಐವತ್ತು."

"ಅಷ್ಟೇನಾ?"

ನಾನು ಮುನಿಗಂಗಪ್ಪನವರ ಕಡೆ ನೋಡಿದೆ. ಅವರು ಇನ್ನೂ ಬೀದಿಯ ಕಡೆಯೇ ನೋಡುತ್ತಿದ್ದರು. "ಮದ್ವೆ ಆದ್ಮೇಲೆ ಮೊರದ ಮೇಲೆ ನೋಡ್ಕೋ ಎರ್ರಣ್ಣ" ಅಂದೆ.

ಮದುವೆ ಆಯಿತು. ಯಜಮಾನರು ಐವತ್ತನ್ನು ಎಲೆಯ ಮೇಲಿಟ್ಟು ಕೊಟ್ಟರು, ಎರಡನ್ನು ನನ್ನ ಅಂಗೈಯಲ್ಲಿ ಒತ್ತಿದರು. ಶಿಡ್ಲಘಟ್ಟಕ್ಕೆ ಬಂದು ಎಲ್ಲರೂ ಮೊರದ ಸುತ್ತ ಕೂತೆವು. ಗಂಗುಲಮ್ಮ ಗುಡ್ಡೆ ಹಾಕಲು ಕೈ ಚಾಚಿದರು. ನಾನು ಐವತ್ತನ್ನು ಇಟ್ಟೆ. ಆಮೇಲೆ ಜೇಬಿನಿಂದ ಎರಡು ರೂಪಾಯಿ ತೆಗೆದು ಪಕ್ಕದಲ್ಲಿಟ್ಟೆ.

"ಇದೇನಪ್ಪ?" ಅಂದರು ಗಂಗುಲಮ್ಮ.

"ಕೈ ಹಿಡಿದೋರಿಗಂತೆ. ಮಂಡಿಯೋರು ಕೊಟ್ರು."

ಗಂಗುಲಮ್ಮ ಗಂಡನ ಮುಖ ನೋಡಿದರು. ಆ ನೋಟದಲ್ಲಿ ಅವರಿಗೂ ಇದು ಹೊಸದು ಅನ್ನುವುದು ನನಗೆ ಕಂಡಿತು. ಅವರ ಕೈ ತಾನಾಗಿಯೇ ಕಿವಿಯ ಓಲೆಯ ಹತ್ತಿರ ಹೋಯಿತು, ವಾಪಸ್ಸು ಬಂತು. ತವರಿನ ಓಲೆಯ ಮೇಲೂ ನಮ್ಮ ಕಣ್ಣು ಬಿದ್ದಿದ್ದು ಅವರಿಗೆ ಆಗ ಹೊಳೆದಿರಬೇಕು.

ಮುನಿಗಂಗಪ್ಪನವರು ಕ್ಲಾರಿನೆಟ್ಟಿನ ಬಾಯಿ ಕಡ್ಡಿಯನ್ನು ಬಿಚ್ಚಿ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಅದನ್ನ ನಾನು ಮೊರಕ್ಕೆ ಹಾಕಿಲ್ಲ" ಅಂದರು. "ಒಂದ್ ದಿನವೂ ಹಾಕಿಲ್ಲ. ದಲ್ಲಾಳಿ ಕಾಸು, ನಂದು ಅಂದ್ಕಂಡಿದ್ದೆ. ರೇಟಲ್ಲಿ ಒಂದು ಪೈಸೆ ಮುಟ್ಟಿಲ್ಲ. ಇದು ಮುಟ್ಟಿದೀನಿ."

"ಜಂಗಮಕೋಟೇಲಿ?" ಎರ್ರಪ್ಪ ಬಿಡಲಿಲ್ಲ.

"ಅಲ್ಲೂ ಎರಡು."

"ಅರವತ್ತಂದನಲ್ಲ ಅವ್ನು?"

"ಹೋಗಿ ಅವನ್ನೇ ಕೇಳು ಹೋಗು. ಈಗ ಕುಡಿದಿರಲ್ಲ."

ಯಾರೋ ನಕ್ಕರು. ಗಂಗುಲಮ್ಮ ನಗಲಿಲ್ಲ. "ಸೈಕಲ್ಲು ಅದ್ರಾಗೆ ಬಂತಾ?" ಅಂದರು. ಮಾಸ್ಟರು ಹೂಂ ಅಂದರು. "ನಂಗೆ ಒಂದ್ ಮಾತು ಹೇಳಕ್ಕಾಗ್ಲಿಲ್ವಾ? ಇವರ್ ಮುಂದೆ ಮೊರ ಹಿಡ್ಕಂಡು ಕೂರೋಳು ನಾನು." ಮಾಸ್ಟರು ಬಾಯಿ ಕಡ್ಡಿಯನ್ನು ಕೆಳಗಿಟ್ಟರು.

ಎರಡು ರೂಪಾಯಿಯನ್ನು ಏಳು ಗುಡ್ಡೆಗೆ ಹಂಚುವುದು ಆಗದ ಲೆಕ್ಕ. ಪೈಸೆ ಮಿಕ್ಕುತ್ತದೆ, ಮಿಕ್ಕರೆ ಎರ್ರಪ್ಪ ಬಿಡುವುದಿಲ್ಲ. ಗಂಗುಲಮ್ಮ ಆ ಎರಡು ರೂಪಾಯಿ ತೆಗೆದು, ಸೆರಗು ಸಿಕ್ಕಿಸಿಕೊಂಡು ಎದ್ದರು. ಬಸ್ ಸ್ಟ್ಯಾಂಡಿನ ಹೋಟ್ಲಿನಿಂದ ಬಿಸಿ ಬೋಂಡ, ಪಾತ್ರೆಯಲ್ಲಿ ಕಾಫಿ ತಂದು ಅದೇ ಮೊರದ ಪಕ್ಕದಲ್ಲಿಟ್ಟರು. ಮಾಸ್ಟರಿಗೆ ಕೊನೆಯಲ್ಲಿ ಕೊಟ್ಟರು.

ನಾನು ಚಿಂತಾಮಣಿಗೆ ಹೋಗಲಿಲ್ಲ. ಶಿವರಾತ್ರಿಯ ಮುಂಚೆಯೇ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಅವರು ಮಾಡಿದ್ದು ಸರಿ ಅನ್ನಿಸಿ ಅಲ್ಲ. ಎಷ್ಟು ಎಂದು ತಿಳಿಯಿತಲ್ಲ, ಅದಕ್ಕೆ. ತಿಳಿದ ತಪ್ಪಿನ ಜೊತೆ ಇರಬಹುದು. ಜಂಗಮಕೋಟೆಯ ಹತ್ತು ರೂಪಾಯಿ ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಅವರನ್ನು ಮತ್ತೆ ಕೇಳಲಿಲ್ಲ.

ಟವಲ್ಲಿನ ಕೆಲಸ ಅವರು ಮತ್ತೆ ಮುಟ್ಟಲಿಲ್ಲ, ನನಗೇ ಉಳಿಯಿತು. ಮುಂದೆ ಏಳೆಂಟು ವರ್ಷ ಅವರು ಕ್ಲಾರಿನೆಟ್ ಊದಿದರು. ಮುಂದಿನ ಹಲ್ಲು ಬಿದ್ದ ಮೇಲೆ ಊದಲಾಗಲಿಲ್ಲ. ಕ್ಲಾರಿನೆಟ್ಟಿಗೆ ಹಲ್ಲು ಬೇಕು. ಆಮೇಲೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಮದುವೆಯವರು ಬಂದು ನಾನು ಟವಲ್ಲು ಹೊದಿಸಿದರೆ ಬೀದಿಯ ಕಡೆ ಮುಖ ಮಾಡುತ್ತಿದ್ದರು. ವ್ಯಾಪಾರ ಮುಗಿದ ಮೇಲೆ ಒಂದೇ ಮಾತು ಕೇಳುತ್ತಿದ್ದರು. "ಕೈ ಬೆವತಿತ್ತಾ?" ಬೆವತಿತ್ತು ಅಂದರೆ ಸಮಾಧಾನ.

ಎರಡು ರೂಪಾಯಿಗೆ ಬೋಂಡ ತರುವುದು ನಮ್ಮ ಬ್ಯಾಂಡಿನಲ್ಲಿ ಹಾಗೆಯೇ ಉಳಿದುಕೊಂಡಿತು. ತರುವವನು ನಾನು. ಎರ್ರಪ್ಪ ಪೊಟ್ಟಣ ಬಿಚ್ಚಿ ಮೊದಲು ಎಣಿಸುತ್ತಾನೆ. ಆಮೇಲೆ ನನ್ನ ಬಾಯಿಯ ಅಂಚನ್ನು ನೋಡುತ್ತಾನೆ, ಎಣ್ಣೆ ಇದೆಯಾ ಎಂದು.

"ಎರಡು ರೂಪಾಯಿಗೆ ಇಷ್ಟೇನಾ ಕಣೋ?"